ಒಳಗೆ ಹಾಳೆಯೇ ಇಲ್ಲ, ಆದರೂ ‘ಪೇಪರ್ ಜಾಮ್’ ಅನ್ನುವ ಪ್ರಿಂಟರ್

ಪ್ರಶ್ನೆ: ನಮ್ಮ ಮನೆಯಲ್ಲಿ ಮೂರು ವರ್ಷದ ಇಂಕ್ ಟ್ಯಾಂಕ್ ಪ್ರಿಂಟರ್ ಇದೆ. ಹಾಳೆ ಹಿಂದಿನಿಂದ ಹಾಕುವಂಥದ್ದು. ಎರಡು ತಿಂಗಳಿಂದ ಒಮ್ಮೊಮ್ಮೆ ಹಾಳೆ ಎಳೆದುಕೊಳ್ಳುತ್ತಿರಲಿಲ್ಲ, ಒಮ್ಮೊಮ್ಮೆ ಎರಡೆರಡು ಎಳೆಯುತ್ತಿತ್ತು. ಹೋದ ವಾರ ಪಹಣಿ ಪ್ರಿಂಟ್ ತೆಗೆಯುವಾಗ ಕರೆಂಟ್ ಹೋಯಿತು. ಅರ್ಧ ಒಳಗಿದ್ದ ಹಾಳೆಯನ್ನು ಹಿಂದಿನಿಂದ ಜಗ್ಗಿದೆ, ಹರಿದು ಬಂತು. ಆಮೇಲಿಂದ ಆನ್ ಮಾಡಿದ ಕೂಡಲೇ ಗರಗರ ಸದ್ದು ಮಾಡಿ ‘ಪೇಪರ್ ಜಾಮ್’ ತೋರಿಸುತ್ತದೆ. ಟಾರ್ಚ್ ಬಿಟ್ಟು ನೋಡಿದರೂ ಒಳಗೆ ಏನೂ ಕಾಣುವುದಿಲ್ಲ. ಅಂಗಡಿಯವರು ಬೋರ್ಡ್ ಹೋಗಿದೆ, ಹೊಸದೇ ತಗೊಳ್ಳಿ ಅಂತಾರೆ. ಮನೆಯಲ್ಲೇ ಏನಾದರೂ ಮಾಡಬಹುದೇ?
(ತುರುವನೂರು ರಸ್ತೆ, ಚಿತ್ರದುರ್ಗದ ಓದುಗರು)

ಉತ್ತರ: ಬೋರ್ಡ್ ಹೋಗಿದೆ ಅನ್ನುವ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಬೋರ್ಡ್ ಹೋದ ಪ್ರಿಂಟರ್ ಸಾಮಾನ್ಯವಾಗಿ ಆನ್ ಆಗುವುದೇ ಇಲ್ಲ, ಒಂದುವೇಳೆ ಆನ್ ಆದರೂ ಮೋಟಾರ್ ತಿರುಗಿಸುವುದಿಲ್ಲ. ನಿಮ್ಮದು ಆನ್ ಆಗುತ್ತಿದೆ, ರೋಲರ್ ತಿರುಗಿಸುತ್ತಿದೆ, ತಿರುಗಿಸಿ ನೋಡಿದ ಮೇಲೆ ‘ಜಾಮ್’ ಅನ್ನುತ್ತಿದೆ. ಯೋಚನೆ ಮಾಡುವ ಭಾಗ ನೆಟ್ಟಗಿದೆ. ಅದಕ್ಕೆ ಸುದ್ದಿ ಮುಟ್ಟಿಸುವ ಭಾಗ ಸುಳ್ಳು ಹೇಳುತ್ತಿದೆ.

ಪ್ರಿಂಟರಿಗೆ ಕಣ್ಣಿಲ್ಲ. ಒಳಗೆ ಹಾಳೆ ಇದೆಯೋ ಇಲ್ಲವೋ ಅನ್ನುವುದು ಅದಕ್ಕೆ ಗೊತ್ತಾಗುವುದು ಒಂದು ಸಣ್ಣ ಕಪ್ಪು ಪ್ಲಾಸ್ಟಿಕ್ ಕಡ್ಡಿಯಿಂದ. ಹಾಳೆ ಸಾಗುವ ದಾರಿಯಲ್ಲಿ ಆ ಕಡ್ಡಿಯ ತುದಿ ತಲೆ ಎತ್ತಿಕೊಂಡು ನಿಂತಿರುತ್ತದೆ. ಹಾಳೆ ಬಂದು ತಾಗಿದರೆ ಬಾಗುತ್ತದೆ. ಬಾಗಿದಾಗ ಅದರ ಇನ್ನೊಂದು ತುದಿ ಒಳಗಿನ ಬೆಳಕಿನ ಸೆನ್ಸರ್ ಬಳಿ ಜಾಗ ಬದಲಿಸುತ್ತದೆ, ‘ಹಾಳೆ ಬಂತು’ ಅನ್ನುವ ಸುದ್ದಿ ಬೋರ್ಡಿಗೆ ಹೋಗುತ್ತದೆ. ಹಾಳೆ ದಾಟಿದ ಮೇಲೆ ಕೂದಲೆಳೆಯಂಥ ಒಂದು ಸ್ಪ್ರಿಂಗ್ ಕಡ್ಡಿಯನ್ನು ಮತ್ತೆ ಎತ್ತಿ ನಿಲ್ಲಿಸುತ್ತದೆ. ಇದು ಮೊದಲನೆಯ ಸುದ್ದಿಗಾರ. ಎರಡನೆಯದು ಹಾಳೆಯ ಮೇಲೆ ಇಂಕ್ ಚಿಮ್ಮಿಸುವ ಹೆಡ್ ಓಡಾಡುವ ದಾರಿಯ ಉದ್ದಕ್ಕೂ ಎಳೆದು ಕಟ್ಟಿದ ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿ, ಎನ್‌ಕೋಡರ್ ಸ್ಟ್ರಿಪ್. ಅದರ ಮೇಲೆ ಬರಿಗಣ್ಣಿಗೆ ಬೂದು ಛಾಯೆಯಂತೆ ಕಾಣುವಷ್ಟು ಒತ್ತಾದ ಗೆರೆಗಳಿರುತ್ತವೆ. ಹೆಡ್ ಆ ಗೆರೆಗಳನ್ನು ಎಣಿಸಿಕೊಂಡೇ ತಾನು ಎಲ್ಲಿದ್ದೇನೆ ಎಂದು ತಿಳಿಯುವುದು. ಮೂರನೆಯದು ಹಾಳೆ ಸಾಗಿಸುವ ಉದ್ದ ರೋಲರಿನ ತುದಿಯಲ್ಲಿ ಕೂರುವ ಅಂಥದೇ ಗೆರೆಗಳ ದುಂಡು ಬಿಲ್ಲೆ. ರೋಲರ್ ಎಷ್ಟು ತಿರುಗಿತು ಅನ್ನುವ ಲೆಕ್ಕ ಅದರದು.

ಈ ಮೂರರಲ್ಲಿ ಒಂದು ತಪ್ಪು ಹೇಳಿದರೂ ಎಷ್ಟೋ ಪ್ರಿಂಟರ್‌ಗಳು ತೋರಿಸುವುದು ಅದೇ ‘ಪೇಪರ್ ಜಾಮ್’. ಹಾಗಾಗಿ ಹುಡುಕಬೇಕಾದ್ದು ‘ಹಾಳೆ ಎಲ್ಲಿದೆ’ ಅಂತಲ್ಲ, ‘ಮೂರರಲ್ಲಿ ಯಾರು ಸುಳ್ಳು ಹೇಳುತ್ತಿದ್ದಾರೆ’ ಅಂತ. ಹಿಂದಿನಿಂದ ಜಗ್ಗಿ ಹರಿದದ್ದರಿಂದ ನಿಮ್ಮ ವಿಷಯದಲ್ಲಿ ಮೊದಲ ಅನುಮಾನ ಆ ಕಡ್ಡಿಯ ಮೇಲೆ. ಅದು ಬಾಗುವುದು ಹಾಳೆ ಮುಂದೆ ಹೋಗುವ ದಿಕ್ಕಿಗೆ. ಹಿಂದಕ್ಕೆ ಜಗ್ಗಿದಾಗ ಹರಿದ ಅಂಚು ಅದಕ್ಕೇ ಸಿಕ್ಕಿಕೊಂಡು ಉಗುರಿನಷ್ಟಗಲದ ಚೂರು ಅಲ್ಲೇ ಉಳಿದರೆ ಸಾಕು, ಕಡ್ಡಿ ಏಳುವುದಿಲ್ಲ. ಪ್ರಿಂಟರ್ ಪ್ರತಿ ಸಲ ಆನ್ ಆದಾಗಲೂ ಒಳಗೆ ಹಾಳೆ ಇದೆ ಎಂದು ನಂಬಿ ಹೊರಹಾಕಲು ರೋಲರ್ ತಿರುಗಿಸುತ್ತದೆ. ಎಷ್ಟು ತಿರುಗಿಸಿದರೂ ಹಾಳೆ ಹೋಗಲಿಲ್ಲವಲ್ಲ ಎಂದು ಕೈಚೆಲ್ಲುತ್ತದೆ. ನೀವು ಕೇಳುತ್ತಿರುವ ಗರಗರ ಸದ್ದು ಅದೇ ಇರಬೇಕು.

ಮೊದಲು ಕಿವಿಗೊಟ್ಟು ಕೇಳಿ

ಬಿಚ್ಚುವ ಮೊದಲು ಟ್ರೇಯಲ್ಲಿರುವ ಹಾಳೆಗಳನ್ನೆಲ್ಲ ತೆಗೆದು, ಖಾಲಿ ಪ್ರಿಂಟರನ್ನು ಒಂದು ಸಲ ಆನ್ ಮಾಡಿ. ಹೆಡ್ ಓಡಾಡದೆ ರೋಲರ್ ಮಾತ್ರ ಐದಾರು ಸೆಕೆಂಡು ಒಂದೇ ಸಮನೆ ತಿರುಗಿ ನಿಂತು ಜಾಮ್ ಅಂದರೆ ಕಡ್ಡಿಯ ತೊಂದರೆ. ಹೆಡ್ ಸರಕ್ಕನೆ ಓಡಿ ಪಕ್ಕದ ಗೋಡೆಗೆ ಢಬ್ಬೆಂದು ಬಡಿದು ನಿಂತರೆ ಪಾರದರ್ಶಕ ಪಟ್ಟಿಯ ಮೇಲೆ ಕೊಳೆ ಕೂತಿದೆ, ಅಥವಾ ಪಟ್ಟಿ ಕೊಂಡಿಯಿಂದ ಜಾರಿದೆ. ಟಕ್ ಟಕ್ ಟಕ್ ಎಂದು ಒಂದೇ ಲಯದಲ್ಲಿ ಹಲ್ಲು ಜಾರುವ ಸದ್ದು ಬಂದರೆ ಗೇರಿನ ಹಾದಿಯಲ್ಲಿ ಪಿನ್ನೋ ಕ್ಲಿಪ್ಪೋ ಪೆನ್ಸಿಲ್ ತುಂಡೋ ಬಿದ್ದಿದೆ. ಹೆಡ್ ಒಂದಿಂಚು ಅಲುಗಿ ಅಲ್ಲೇ ನಿಂತರೆ ಅದರ ಕೆಳಗೇ ಕಾಗದ ಮುದುಡಿ ಕೂತಿದೆ.

ಸಂಕೇತವೂ ಸ್ವಲ್ಪ ದಾರಿ ತೋರಿಸುತ್ತದೆ. ಎಚ್‌ಪಿ ಇಂಕ್ ಟ್ಯಾಂಕ್ 310 ಸರಣಿಯ ಪುಟ್ಟ ಪರದೆಯಲ್ಲಿ ಇ4 ಬಂದರೆ ಹಾಳೆ ಸಿಕ್ಕಿದೆ ಎಂದರ್ಥ, ಇ3 ಬಂದರೆ ಹೆಡ್ ಹೊತ್ತ ಕ್ಯಾರೇಜ್ ಓಡಾಡಲಾಗದೆ ನಿಂತಿದೆ ಎಂದರ್ಥ. ಕ್ಯಾನನ್ ಆದರೆ ಕಂಪ್ಯೂಟರ್ ಪರದೆಯ ಮೇಲೆ 1300 ಎಂದರೆ ಹಾಳೆಯ ಜಾಮ್, 5100 ಎಂದರೆ ಕ್ಯಾರೇಜಿನ ತೊಂದರೆ. ಎಪ್ಸನ್‌ನ ಪರದೆಯಿಲ್ಲದ ಮಾದರಿಗಳಲ್ಲಿ ಲೈಟುಗಳಷ್ಟೇ ಮಿನುಗುತ್ತವೆ. ಯುಎಸ್‌ಬಿ ಕೇಬಲ್ ಹಾಕಿ ಕಂಪ್ಯೂಟರಿನಲ್ಲಿ ಎಪ್ಸನ್‌ನ ಸ್ಟೇಟಸ್ ಮಾನಿಟರ್ ತೆರೆದರೆ ಅಲ್ಲಿ ವಾಕ್ಯದಲ್ಲೇ ಬರೆದಿರುತ್ತದೆ, ಓದಿಕೊಳ್ಳಿ.

ಹರಿದ ಹಾಳೆಯನ್ನು ಎಸೆದಿಲ್ಲ ತಾನೇ?

ಎಸೆದಿದ್ದರೆ ಕಸದ ಬುಟ್ಟಿಯಲ್ಲಿ ಹುಡುಕಿ. ಈ ಕೆಲಸದಲ್ಲಿ ಅದಕ್ಕಿಂತ ಒಳ್ಳೆಯ ನಕ್ಷೆ ಇನ್ನೊಂದಿಲ್ಲ. ಹೊಸ ಎ4 ಹಾಳೆಯೊಂದನ್ನು ಮೇಜಿನ ಮೇಲೆ ಹಾಸಿ, ಅದರ ಮೇಲೆ ಹರಿದ ತುಂಡುಗಳನ್ನು ಪ್ರಿಂಟರಿನ ಒಳಗೆ ಹೇಗಿದ್ದವೋ ಹಾಗೇ, ಅಚ್ಚಾದ ಮುಖ ಮೇಲೆ ಬರುವಂತೆ ಜೋಡಿಸಿ. ಅಂಚುಗಳು 210 ಮಿಲಿಮೀಟರ್ ಅಗಲ, 297 ಮಿಲಿಮೀಟರ್ ಉದ್ದಕ್ಕೆ ಸರಿಯಾಗಿ ಕೂಡಿಬಂದು ಎಲ್ಲೂ ತೂತು ಉಳಿಯದಿದ್ದರೆ ಒಳಗೆ ಚೂರಿಲ್ಲ. ಕಡ್ಡಿಯೇ ವಾಲಿದೆ ಅಥವಾ ಮುರಿದಿದೆ. ತೂತು ಉಳಿದರೆ ಕೆಳಗಿನ ಹಾಳೆಯ ಮೇಲೆ ಪೆನ್ಸಿಲಿನಿಂದ ಅದರ ಸುತ್ತ ಗೆರೆ ಎಳೆಯಿರಿ. ಬದಿಯ ಅಂಚಿನಿಂದ ಅದು ಎಷ್ಟು ಸೆಂಟಿಮೀಟರ್ ದೂರ ಇದೆ ಎಂದು ಅಳೆದುಕೊಳ್ಳಿ. ಟ್ರೇಯಲ್ಲಿ ಹಾಳೆಯ ಅದೇ ಅಂಚು ಎಲ್ಲಿ ಕೂರುತ್ತದೋ ಅಲ್ಲಿಂದ ಅಷ್ಟೇ ದೂರದಲ್ಲಿ ಟಾರ್ಚ್ ಬಿಡಿ. ಇಡೀ ಸಂದಿಯನ್ನು ತಡಕಾಡುವುದು ತಪ್ಪುತ್ತದೆ.

ಈಗ ಕೈ ಹಾಕಿ

ಪ್ರಿಂಟರಿನ ಬಟನ್ನಿನಿಂದಲೇ ಮೊದಲು ಆಫ್ ಮಾಡಿ. ಆಮೇಲೆ ಗೋಡೆಯ ಸ್ವಿಚ್, ಆಮೇಲೆ ಪ್ಲಗ್. ಬಟನ್ ಒತ್ತಿದಾಗ ಹೆಡ್ ಬಲತುದಿಗೆ ಹೋಗಿ ರಬ್ಬರ್ ಮುಚ್ಚಳದ ಮೇಲೆ ಕೂರುತ್ತದೆ. ನೇರವಾಗಿ ಪ್ಲಗ್ ಕಿತ್ತರೆ ನಡುದಾರಿಯಲ್ಲೇ ಬಾಯಿ ತೆರೆದುಕೊಂಡು ನಿಲ್ಲುತ್ತದೆ. ಕರೆಂಟ್ ಹೋದಾಗಲೂ ಆಗುವುದು ಇದೇ. ಬೆಸ್ಕಾಂ ಕರೆಂಟ್ ಹೋಗಿ ಬಂದು ಮಾಡುವ ಊರಲ್ಲಿ ಪ್ರಿಂಟರನ್ನು ಇನ್ವರ್ಟರ್ ಲೈನಿಗೆ ಹಾಕಿಸುವುದು ಒಳ್ಳೆಯದು. ಮನೆಯ ಇಂಕ್‌ಜೆಟ್ ತಿನ್ನುವ ವಿದ್ಯುತ್ತು ಬಹಳ ಕಡಿಮೆ, ಇನ್ವರ್ಟರಿಗೆ ಅದು ಹೊರೆಯೇ ಅಲ್ಲ. ನಿಮ್ಮ ಹೆಡ್ ವಾರದಿಂದ ನಡುವೆಯೇ ನಿಂತಿದ್ದರೆ ನಾಝಲ್‌ಗಳಲ್ಲಿ, ಅಂದರೆ ಇಂಕ್ ಚಿಮ್ಮುವ ಸೂಕ್ಷ್ಮ ತೂತುಗಳಲ್ಲಿ, ಇಂಕ್ ಒಣಗತೊಡಗಿರುತ್ತದೆ. ಜಾಮ್ ಬಿಡಿಸುವುದನ್ನು ಇನ್ನು ಮುಂದೂಡಬೇಡಿ.

ಮೇಲಿನ ಸ್ಕ್ಯಾನರ್ ಭಾಗವನ್ನು ಎತ್ತಿ. ಒಳಗೆ ಮೂರು ವಸ್ತು ಮುಟ್ಟಬಾರದು: ಬಿಳಿ ಚಪ್ಪಟೆ ಕೇಬಲ್, ಪಾರದರ್ಶಕ ಪಟ್ಟಿ, ಇಂಕ್ ಹರಿಯುವ ತೆಳು ಕೊಳವೆಗಳು. ಹೆಡ್ ಬಲತುದಿಯಲ್ಲಿ ಕೂತಿದ್ದರೆ ಅದು ಲಾಕ್ ಆಗಿರುತ್ತದೆ, ಜಗ್ಗಬೇಡಿ. ನಡುವೆ ನಿಂತಿದ್ದರೆ ಮೇಲ್ಭಾಗ ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿ. ತಡೆದರೆ ಅಲ್ಲಿಗೇ ನಿಲ್ಲಿಸಿ, ಕೆಳಗೆ ಮುದುಡಿದ ಕಾಗದವನ್ನು ಮೊದಲು ಬಿಡಿಸಿಕೊಳ್ಳಿ.

ಹಾಳೆ ಕೈಗೆ ಸಿಗುವಂತಿದ್ದರೆ ಎರಡೂ ಕೈಯಲ್ಲಿ, ಎರಡೂ ಅಂಚಿಗೆ ಹತ್ತಿರ ಹಿಡಿದು, ಮುಂದಿನಿಂದಲೇ, ಹಾಳೆ ಸಾಗುವ ದಿಕ್ಕಿಗೇ ನೇರ ಎಳೆಯಿರಿ. ಒಂದು ಮೂಲೆ ಹಿಡಿದು ಜಗ್ಗಿದರೆ ಓರೆಯಾಗಿ ಹರಿಯುತ್ತದೆ. ಅಷ್ಟೇ ಅಲ್ಲ, ಹಾಳೆ ಹೊರಬರುವ ಕಡೆ ಇರುವ ಮುಳ್ಳುಮುಳ್ಳಿನ ಪುಟ್ಟ ಲೋಹದ ಚಕ್ರಗಳು ಜಾಗ ಬಿಟ್ಟು ಹಾರುತ್ತವೆ. ಒಂದು ಹಾರಿದರೂ ಆಮೇಲೆ ಬರುವ ಪ್ರತಿ ಪುಟದ ಮೇಲೂ ಚುಕ್ಕಿಸಾಲು ಬೀಳುತ್ತದೆ. ಬರೀ ತುದಿಯಷ್ಟೇ ಹಿಂದಿನಿಂದ ಒಳಹೋಗಿ ನಿಂತಿದ್ದರೆ ಮಾತ್ರ ಹಿಂದಕ್ಕೆ ಎಳೆಯಬಹುದು.

ಈಗ ನಿಮ್ಮ ಕಾಣದ ಚೂರಿನ ವಿಷಯ. ಒಂದು ದಪ್ಪ ಕಾರ್ಡ್ ಬೇಕು, 200ರಿಂದ 250 ಜಿಎಸ್‌ಎಂನದು (ಚದರ ಮೀಟರಿಗೆ ಎಷ್ಟು ಗ್ರಾಂ ಅನ್ನುವ ಲೆಕ್ಕ). ಮಕ್ಕಳ ಪ್ರಾಜೆಕ್ಟಿಗೆ ತಂದ ಐವರಿ ಶೀಟ್ ಉಳಿದಿದ್ದರೆ ಅದೇ ಸಾಕು, ಉದ್ದನೆಯ ಲಗ್ನಪತ್ರಿಕೆಯೂ ನಡೆಯುತ್ತದೆ. ರೆಕಾರ್ಡ್ ಬುಕ್ಕಿನ ರಟ್ಟು ಬೇಡ, ಅದು ಬಾಗುವುದಿಲ್ಲ. ಹತ್ತು ಸೆಂಟಿಮೀಟರ್ ಅಗಲ, ಮೂವತ್ತು ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ, ತುದಿಯ ಎರಡು ಮೂಲೆಗಳನ್ನು ಸ್ವಲ್ಪ ದುಂಡಗೆ ಮಾಡಿ. ಹಿಂದಿನ ಟ್ರೇಯಿಂದ, ಪೆನ್ಸಿಲ್ ಗುರುತು ತೋರಿಸಿದ ಜಾಗದಲ್ಲಿ, ಮೆಲ್ಲಗೆ ಇಳಿಬಿಡಿ. ರೋಲರಿಗೆ ತಾಗಿ ತಡೆಯುವಲ್ಲಿ ನಿಲ್ಲಿಸಿ. ಅಲ್ಲಿ ಎಡಕ್ಕೆ ಬಲಕ್ಕೆ ಒಂದೊಂದು ಸೆಂಟಿಮೀಟರ್ ಅಲುಗಿಸಿ ನೇರವಾಗಿ ಹೊರತೆಗೆಯಿರಿ. ನಾಲ್ಕೈದು ಸಲ ಹೀಗೆ ಮಾಡಿದರೆ ಚೂರು ಒಂದೋ ಕಾರ್ಡಿನ ಜೊತೆ ಮೇಲೆ ಬರುತ್ತದೆ, ಇಲ್ಲವೇ ಜಾಗ ಬಿಟ್ಟು ಮುಂದಿನಿಂದ ತುದಿ ತೋರಿಸುತ್ತದೆ. ತುದಿ ಕಂಡರೆ ಸೊಟ್ಟ ಮೂತಿಯ ಚಿಮಟದಿಂದ ಹಿಡಿದು ತೆಗೆಯಿರಿ. ಸ್ಕ್ರೂ ಡ್ರೈವರ್, ಹೇರ್‌ಪಿನ್, ಸೈಕಲ್ ಕಡ್ಡಿ ಯಾವುದೂ ಬೇಡ. ಕಾರ್ಡಿನ ತುದಿಗೆ ಗಮ್ ಟೇಪ್ ಅಂಟಿಸಿ ಚೂರನ್ನು ಮೆತ್ತಿಸಿಕೊಳ್ಳುವ ಉಪಾಯ ಹಲವರಿಗೆ ಹೊಳೆಯುತ್ತದೆ. ಟೇಪ್ ಒಳಗೇ ಬಿಟ್ಟುಕೊಂಡರೆ ಚೂರಿಗಿಂತ ದೊಡ್ಡ ಕೇಸ್ ಆಗುತ್ತದೆ.

ಚೂರು ಬಂತೇ? ಅದನ್ನು ಮೇಜಿನ ಮೇಲಿನ ತೂತಿಗೆ ಕೂರಿಸಿ ನೋಡಿ. ಪೂರ್ತಿ ತುಂಬದಿದ್ದರೆ ಇನ್ನೊಂದು ಚೂರು ಒಳಗೇ ಇದೆ.

ಆಮೇಲೆ ಕಡ್ಡಿಯ ಪರೀಕ್ಷೆ. ಪ್ಲಗ್ ಹೊರಗಿದ್ದಾಗಲೇ ಕಾರ್ಡಿನ ಅಂಚಿನಿಂದ ಕಡ್ಡಿಯ ತುದಿಯನ್ನು ಹಾಳೆ ಹೋಗುವ ದಿಕ್ಕಿಗೆ ಒತ್ತಿ ಬಿಡಿ. ಟಪ್ಪನೆ ಎದ್ದು ನಿಲ್ಲಬೇಕು. ಸತ್ತ ಜಿರಲೆಯ ಮೀಸೆಯಂತೆ ವಾಲಿಕೊಂಡೇ ಇದ್ದರೆ ಸ್ಪ್ರಿಂಗ್ ಕಳಚಿದೆ. ಅದನ್ನು ಮತ್ತೆ ಕೂರಿಸಲು ಪ್ರಿಂಟರ್ ಬಿಚ್ಚಲೇಬೇಕು, ಅಭ್ಯಾಸವಿಲ್ಲದವರು ಕೈ ಹಾಕುವ ಜಾಗವಲ್ಲ. ಜಿರಲೆ ಅಂದದ್ದು ಉಪಮೆಗೆ ಮಾತ್ರವಲ್ಲ, ಬೆಚ್ಚಗಿನ ಕತ್ತಲೆಯ ಸಂದಿ ಅಂತ ಅವು ನಿಜವಾಗಿಯೂ ಅಲ್ಲಿ ಸೇರಿಕೊಳ್ಳುತ್ತವೆ. ಹಲ್ಲಿಮರಿಯೂ ಅಷ್ಟೇ.

ಇಂಕ್ ಟ್ಯಾಂಕ್ ಪ್ರಿಂಟರನ್ನು ತಲೆಕೆಳಗು ಮಾಡಿ ಕೊಡವುವುದು ಬೇಡವೇ ಬೇಡ. ಹಿಂದಿನ ಟ್ರೇಗೆ ನಾಣ್ಯ ಬಿದ್ದಿದೆ ಅಂತ ಉಲ್ಟಾ ಮಾಡಿದರೆ ನಾಣ್ಯ ಬಿದ್ದರೂ ಬೀಳದಿದ್ದರೂ ಟ್ಯಾಂಕಿನ ಇಂಕ್ ಮಾತ್ರ ಖಂಡಿತ ಸೋರುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿಯೂ ಬೇಡ. ಅದರಲ್ಲಿ ನೀರಿನ ಪಸೆ, ಎಣ್ಣೆಯ ಹನಿ ಎರಡೂ ಇರುತ್ತವೆ. ಒತ್ತಡಕ್ಕೆ ಕಡ್ಡಿಯೂ ಹಾರಿಹೋಗಬಹುದು. ಧೂಳಿಗೆ ಒಣಗಿದ ಮೆತ್ತನೆ ಪೇಂಟ್ ಬ್ರಷ್ ಸಾಕು.

ಚೂರೂ ಇಲ್ಲ, ಕಡ್ಡಿಯೂ ಸರಿಯಿದೆ ಅಂದರೆ

ಆಗ ಪಾರದರ್ಶಕ ಪಟ್ಟಿಯ ಸರದಿ. ಟಾರ್ಚನ್ನು ಓರೆಯಾಗಿ ಹಿಡಿದು ಇಡೀ ಉದ್ದಕ್ಕೂ ನೋಡಿ. ಎಲ್ಲೋ ಒಂದು ಕಡೆ ಬೆರಳಚ್ಚು, ಇಂಕಿನ ಹನಿ, ಇಲ್ಲವೇ ಹೆಡ್ ಜಾರುವ ಕಂಬಿಯಿಂದ ಹತ್ತಿದ ಗ್ರೀಸಿನ ಮಬ್ಬು ಕಾಣಬಹುದು. ಆ ಮಬ್ಬಿನ ಬಳಿ ಬಂದಾಗ ಹೆಡ್ ಗೆರೆ ಎಣಿಸಲಾಗದೆ ಗಾಬರಿಯಾಗುತ್ತದೆ. ಮುದುಡಿದ ಹಾಳೆ ಎಳೆಯುವಾಗ ಕೈ ತಾಗಿ ಹೀಗಾಗುವುದು ಮಾಮೂಲು. ದಾವಣಗೆರೆ ಕಡೆಯವರಿಗೆ ಒಂದು ಮಾತು ಸೇರಿಸಬೇಕು: ಬೆಣ್ಣೆದೋಸೆ ತಿಂದು ಕೈ ಒರೆಸಿಕೊಂಡರೆ ಸಾಲದು, ಸೋಪು ಹಾಕಿ ತೊಳೆದೇ ಇದರ ಹತ್ತಿರ ಬನ್ನಿ.

ಒರೆಸಲು ಕನ್ನಡಕದ ಬಟ್ಟೆ ಎಲ್ಲಕ್ಕಿಂತ ವಾಸಿ. ಇಯರ್ ಬಡ್ ನೂಲು ಬಿಡುತ್ತದೆ. ಮೊದಲು ಒಣಬಟ್ಟೆಯನ್ನು ಪಟ್ಟಿಯ ಎರಡೂ ಬದಿಗೆ ಹಗುರಾಗಿ ಹಿಡಿದು ಉದ್ದುದ್ದಕ್ಕೆ ಎಳೆಯಿರಿ. ಹೋಗದಿದ್ದರೆ ಬಟ್ಟೆಯ ಒಂದು ಮೂಲೆಗೆ ಡಿಸ್ಟಿಲ್ಡ್ ವಾಟರ್ ಎರಡು ಹನಿ ಹಾಕಿ ಹಿಂಡಿ, ಮತ್ತೆ ಎಳೆಯಿರಿ, ಕೊನೆಗೆ ಒಣಬಟ್ಟೆ. ಸ್ಪಿರಿಟ್, ಥಿನ್ನರ್, ನೈಲ್ ಪಾಲಿಶ್ ರಿಮೂವರ್ ಹಾಕಿದರೆ ಕೆಲವು ಪಟ್ಟಿಗಳಲ್ಲಿ ಗೆರೆಗಳೇ ಅಳಿಸಿಹೋಗುತ್ತವೆ, ಅಲ್ಲಿಗೆ ಪಟ್ಟಿಯ ಆಯಸ್ಸು ಮುಗಿದಂತೆ. ಪಟ್ಟಿಯ ತುದಿ ಕೊಂಡಿಯಿಂದ ಕಳಚಿದ್ದರೆ ಅದನ್ನು ಮರಳಿ ಸಿಕ್ಕಿಸುವ ಮೊದಲು, ಹೆಡ್‌ನ ಬೆನ್ನಿಗಿರುವ ಸೆನ್ಸರ್‌ನ ಸಣ್ಣ ಸೀಳಿನ ಒಳಗಿಂದಲೇ ಪಟ್ಟಿ ಹಾದಿದೆಯೇ ಎಂದು ನೋಡಿ. ಸೀಳಿನ ಹೊರಗೆ ಕೂತರೆ ಹೆಡ್‌ಗೆ ಅದು ಇದ್ದೂ ಇಲ್ಲದಂತೆ.

ಡಿಸ್ಟಿಲ್ಡ್ ವಾಟರ್ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಪಾತ್ರೆಯ ಮೇಲೆ ಒಣಗಿದಾಗ ಬಿಳಿ ಕಲೆ ಬಿಡುತ್ತದಲ್ಲ, ಪಟ್ಟಿಯ ಮೇಲೂ ರೋಲರಿನ ಮೇಲೂ ಅದೇ ಕಲೆ ಬಿಡುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಬಾಟಲಿ ತಂದರೆ ವರ್ಷಗಟ್ಟಲೆ ಆಗುತ್ತದೆ. ಕೊಳ್ಳುವಾಗ ಲೇಬಲ್ ಓದಿ. ಅದೇ ಅಂಗಡಿಯಲ್ಲಿ ಬ್ಯಾಟರಿ ಆಸಿಡ್ ಕೂಡ ಅಂಥದೇ ಕ್ಯಾನಿನಲ್ಲಿ ಇರುತ್ತದೆ.

ಎರಡು ತಿಂಗಳ ಹಳೆಯ ತೊಂದರೆ

ಹಾಳೆ ಎಳೆಯದಿರುವುದು, ಎರಡೆರಡು ಎಳೆಯುವುದು, ಇದು ಬೇರೆಯದೇ ಕಾಯಿಲೆ. ಚೂರು ತೆಗೆದು ಇದನ್ನು ಹಾಗೇ ಬಿಟ್ಟರೆ ತಿಂಗಳೊಳಗೆ ಮತ್ತೆ ಜಾಮ್ ಆಗುತ್ತದೆ. ಹಾಳೆಯನ್ನು ಟ್ರೇಯಿಂದ ಎಳೆಯುವ ರಬ್ಬರ್ ರೋಲರಿಗೆ ಪಿಕಪ್ ರೋಲರ್ ಅನ್ನುತ್ತಾರೆ. ಅದರ ಎದುರಿಗೆ ಒಂದು ಪುಟ್ಟ ರಬ್ಬರ್ ಇಲ್ಲವೇ ಬೆಂಡಿನಂಥ ತುಂಡು, ಸಪರೇಷನ್ ಪ್ಯಾಡ್. ರೋಲರ್ ಮೇಲಿನ ಹಾಳೆಯನ್ನು ಎಳೆದರೆ ಪ್ಯಾಡ್ ಕೆಳಗಿನದನ್ನು ತಡೆಯುತ್ತದೆ. ರೋಲರ್ ಜಾರಿದರೆ ಹಾಳೆ ಬರುವುದಿಲ್ಲ, ಪ್ಯಾಡ್ ಜಾರಿದರೆ ಎರಡು ಬರುತ್ತವೆ. ನಿಮ್ಮಲ್ಲಿ ಎರಡೂ ಆಗುತ್ತಿರುವುದರಿಂದ ಎರಡೂ ಧೂಳು ಹಿಡಿದಿವೆ ಎಂದೇ ಲೆಕ್ಕ.

ಆ ಧೂಳಿನಲ್ಲಿ ಒಂದು ಪಾಲು ಕಾಗದದ್ದೇ. ಕಾಪಿಯರ್ ಹಾಳೆಗೆ ಬಿಳುಪು, ನುಣುಪು ಬರಲೆಂದು ಸೇರಿಸುವ ಸುಣ್ಣದಕಲ್ಲಿನಂಥ ಪುಡಿ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಉದುರಿ ರಬ್ಬರಿಗೆ ಮೆತ್ತಿಕೊಳ್ಳುತ್ತದೆ. ಇನ್ನೊಂದು ಪಾಲು ಊರಿನದು. ಗುಡ್ಡದ ಮೇಲಿನ ಗಾಳಿಯಂತ್ರ ತಿರುಗಿಸುವ ಗಾಳಿ ನಿಮ್ಮ ಊರಿನದು, ಅದು ಹೊತ್ತು ತರುವ ಧೂಳು ಬಾಯಿ ತೆರೆದ ಹಿಂದಿನ ಟ್ರೇಗೆ ನೇರವಾಗಿ ಇಳಿಯುತ್ತದೆ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ, ಅಕ್ಕಿ ಗಿರಣಿಗಳ ಆಸುಪಾಸಿನ ಮನೆಗಳಲ್ಲಿ ಇದೇ ಧೂಳು ಹೊಗೆಮಸಿ, ತೌಡು ಸೇರಿ ಜಿಡ್ಡಾಗಿ ಕೂರುತ್ತದೆ.

ರೋಲರಿಗೆ ಟಾರ್ಚ್ ಬಿಡಿ. ಒಳ್ಳೆಯ ರಬ್ಬರ್ ಮಂಕಾಗಿ, ಸ್ಲೇಟಿನಂತೆ ಕಾಣುತ್ತದೆ. ಜಾರುವ ರಬ್ಬರ್ ಹೊಳೆಯುತ್ತದೆ. ಬಟ್ಟೆಗೆ ಡಿಸ್ಟಿಲ್ಡ್ ವಾಟರ್ ಹಾಕಿ ನೀರು ತೊಟ್ಟಿಕ್ಕದಷ್ಟು ಹಿಂಡಿ, ರೋಲರಿನ ಕಾಣುವ ಭಾಗವನ್ನು ಒರೆಸಿ. ಪ್ಲಗ್ ಹಾಕಿ ಒಂದು ಹಾಳೆ ಎಳೆಸಿ, ಮತ್ತೆ ಆಫ್ ಮಾಡಿ ಪ್ಲಗ್ ತೆಗೆದು, ಈಗ ಎದುರಿಗೆ ಬಂದ ಭಾಗ ಒರೆಸಿ. ಮೂರು ನಾಲ್ಕು ಸುತ್ತು ಹೀಗೆ ಮಾಡಿದರೆ ರೋಲರ್ ಪೂರ್ತಿ ಆಗುತ್ತದೆ. ಬಟ್ಟೆಗೆ ಬೂದು ಬಣ್ಣ ಹತ್ತುವುದು ನಿಂತಾಗ ಸಾಕು. ಪ್ಯಾಡಿಗೂ ಅದೇ ಬಟ್ಟೆ. ಹತ್ತು ನಿಮಿಷ ಒಣಗಲು ಬಿಡಿ. ಕ್ಯಾನನ್ ಆಗಿದ್ದರೆ ಡ್ರೈವರಿನ (ಕಂಪ್ಯೂಟರಿನಲ್ಲಿರುವ ಪ್ರಿಂಟರಿನ ಸಾಫ್ಟ್‌ವೇರ್) ಮೇಂಟೆನೆನ್ಸ್ ಭಾಗದಲ್ಲೇ ರೋಲರ್ ಕ್ಲೀನಿಂಗ್ ಅಂತ ಇದೆ, ತಿರುಗಿಸುವ ಕೆಲಸ ಅದೇ ಮಾಡಿಕೊಡುತ್ತದೆ. ಪೆಟ್ರೋಲ್, ಕೊಬ್ಬರಿ ಎಣ್ಣೆ, ಬಾಗಿಲ ಕೀಲಿಗೆ ಹೊಡೆಯುವ ಸ್ಪ್ರೇ ಇವುಗಳನ್ನು ರಬ್ಬರಿಗೆ ತಾಗಿಸಬೇಡಿ. ಎಣ್ಣೆ ಜಾರಿಸುತ್ತದೆ, ಪೆಟ್ರೋಲ್ ರಬ್ಬರನ್ನು ಉಬ್ಬಿಸುತ್ತದೆ. ಒರೆಸಿದ ಮೇಲೂ ಹೊಳಪು ಹೋಗದಿದ್ದರೆ ರಬ್ಬರ್ ಗಟ್ಟಿಯಾಗಿದೆ, ರೋಲರ್ ಬದಲಿಸುವುದೇ ದಾರಿ. ಉಪ್ಪುಕಾಗದ ಹಾಕಿ ತಿಕ್ಕುವವರಿದ್ದಾರೆ. ಎರಡು ವಾರ ಚೆನ್ನಾಗಿ ಹಿಡಿಯುತ್ತದೆ, ಆಮೇಲೆ ಸಮನಾಗಿಲ್ಲದ ರೋಲರ್ ಹಾಳೆಯನ್ನು ಓರೆ ಎಳೆಯತೊಡಗುತ್ತದೆ.

ಹಾಳೆಯ ತಪ್ಪೂ ಕಡಿಮೆಯಿಲ್ಲ. ಟ್ರೇಯಲ್ಲಿ ತಿಂಗಳುಗಟ್ಟಲೆ ಬಿಟ್ಟ ಹಾಳೆ ಮಳೆಗಾಲದಲ್ಲಿ ತೇವ ಹೀರಿ ಅಂಚಿನಲ್ಲಿ ಅಲೆಅಲೆಯಾಗುತ್ತದೆ. ಮಾರ್ಚ್, ಏಪ್ರಿಲ್‌ನ ಒಣಹವೆಯಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಬೇಕಾದಷ್ಟೇ, ಇಪ್ಪತ್ತು ಮೂವತ್ತು ಹಾಳೆ ಹಾಕಿ, ಮುಗಿದ ಮೇಲೆ ಉಳಿದದ್ದನ್ನು ತೆಗೆದು ಬಂಡಲ್‌ನ ಅದೇ ಹೊದಿಕೆಯೊಳಗೆ ಇಡಿ. ಆ ಹೊದಿಕೆ ಇರುವುದೇ ತೇವ ತಡೆಯಲು. ಟ್ರೇಗೆ ಹಾಕುವ ಮೊದಲು ಇಸ್ಪೀಟು ಎಲೆಯಂತೆ ಒಮ್ಮೆ ಬಿಚ್ಚಿ ಬಿಡಿಸಿ, ಮೇಜಿಗೆ ಕುಟ್ಟಿ ಅಂಚು ಸಮ ಮಾಡಿ. ಬದಿಯ ಗೈಡ್ ಹಾಳೆಗೆ ತಾಗಿರಬೇಕು, ಒತ್ತಿರಬಾರದು. 70ರಿಂದ 80 ಜಿಎಸ್‌ಎಂ ಹಾಳೆ ಮನೆಯ ಪ್ರಿಂಟರಿಗೆ ಹೇಳಿಮಾಡಿಸಿದ್ದು. ಎರಡು ಬದಿಗೂ ಪ್ರಿಂಟ್ ತೆಗೆಯುವಾಗ ಮೊದಲ ಬದಿ ಒಣಗಲು ಹತ್ತು ನಿಮಿಷ ಕೊಟ್ಟು, ದಪ್ಪ ಪುಸ್ತಕದ ಕೆಳಗಿಟ್ಟು ಮಟ್ಟಸ ಮಾಡಿ ಆಮೇಲೆ ತಿರುಗಿಸಿ ಹಾಕಿ. ಒಂದು ಬದಿ ಅಚ್ಚಾದ ಹಳೆಯ ಹಾಳೆಯನ್ನೇ ತಿರುಗಿಸಿ ಬಳಸುವ ಉಳಿತಾಯ ಬಹಳ ಮನೆಗಳಲ್ಲಿದೆ. ತಪ್ಪಲ್ಲ, ಆದರೆ ಸ್ಟೇಪ್ಲರ್ ಪಿನ್ ತೆಗೆದ ಜಾಗ, ಮಡಿಕೆಯ ಗೆರೆ, ಮುರಿದ ಮೂಲೆ ಇದ್ದ ಹಾಳೆಯನ್ನು ಆ ರಾಶಿಯಿಂದ ಆರಿಸಿ ಹೊರಗಿಡಿ.

ಕಂಪ್ಯೂಟರಿನಲ್ಲೂ ಒಂದು ಕಡೆ ನೋಡಿ. ಪೇಪರ್ ಸೈಜ್ ಜಾಗದಲ್ಲಿ ಎಷ್ಟೋ ಸಲ ಲೆಟರ್ ಅಂತ ಕೂತಿರುತ್ತದೆ. ಲೆಟರ್ ಹಾಳೆಯ ಉದ್ದ 279 ಮಿಲಿಮೀಟರ್, ಎ4 ಅದಕ್ಕಿಂತ 18 ಮಿಲಿಮೀಟರ್ ಉದ್ದ. ಲೆಕ್ಕದ ಪ್ರಕಾರ ಮುಗಿಯಬೇಕಿದ್ದ ಹಾಳೆ ಇನ್ನೂ ಕಡ್ಡಿಯ ಮೇಲೇ ಇದೆಯಲ್ಲ ಎಂದು ಕೆಲವು ಪ್ರಿಂಟರ್ ತಕರಾರು ತೆಗೆಯುತ್ತವೆ.

ಇ-ಸ್ಟಾಂಪ್ ಕಾಗದದ ಮೇಲೆ ಕರಾರು ಅಚ್ಚು ಹಾಕುವವರಿಗೆ ಬೇರೆಯೇ ಎಚ್ಚರಿಕೆ ಬೇಕು. ಅದು ಮಡಚಿಕೊಂಡೇ ಮನೆಗೆ ಬಂದಿರುತ್ತದೆ, ಮಡಿಕೆ ರೋಲರಿಗೆ ಸಿಕ್ಕಿದರೆ ಹೋದದ್ದು ಹಾಳೆಯಲ್ಲ, ಕಟ್ಟಿದ ಶುಲ್ಕ. ರಾತ್ರಿ ದಪ್ಪ ಪುಸ್ತಕಗಳ ಕೆಳಗಿಟ್ಟು, ಬೆಳಿಗ್ಗೆ ಅದೇ ಅಳತೆಯ ಸಾದಾ ಹಾಳೆಯಲ್ಲಿ ಒಂದು ಸಲ ಪ್ರಿಂಟ್ ತೆಗೆದು, ಸ್ಟಾಂಪ್ ಭಾಗದ ಮೇಲೆ ಅಕ್ಷರ ಬೀಳುವುದಿಲ್ಲ ಎಂದು ಎರಡನ್ನೂ ಬೆಳಕಿಗೆ ಹಿಡಿದು ನೋಡಿ, ಆಮೇಲೆ ಒಂದೇ ಹಾಳೆಯನ್ನು ಟ್ರೇಗೆ ಹಾಕಿ.

ಜಾಮ್ ಬಿಟ್ಟ ಮೇಲೆ

ಐದು ಹೊಸ ಹಾಳೆ ಹಾಕಿ, ಡ್ರೈವರಿನ ಮೇಂಟೆನೆನ್ಸ್ ಟ್ಯಾಬಿನಿಂದ ನಾಝಲ್ ಚೆಕ್ ತೆಗೆಯಿರಿ. ಗೆರೆಗಳು ಅಲ್ಲಲ್ಲಿ ತುಂಡಾಗಿದ್ದರೆ ಹೆಡ್ ಕ್ಲೀನಿಂಗ್ ಒಂದು ಸಲ, ಹೆಚ್ಚೆಂದರೆ ಎರಡು ಸಲ ಮಾಡಿ, ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಮತ್ತೆ ನೋಡಿ. ಒಣಗಿದ ಇಂಕ್ ನೆನೆಯಲು ಹೊತ್ತು ಬೇಕು. ಮೇಲಿಂದ ಮೇಲೆ ಕ್ಲೀನಿಂಗ್ ಒತ್ತಿದರೆ ಹೋಗುವ ಇಂಕೆಲ್ಲ ಒಳಗಿನ ವೇಸ್ಟ್ ಪ್ಯಾಡಿಗೆ ಇಳಿದು, ಅದು ತುಂಬಿದ ದಿನ ಪ್ರಿಂಟರ್ ಮತ್ತೊಂದು ರೀತಿ ಮುಷ್ಕರ ಹೂಡುತ್ತದೆ. ಹಾಳೆಯ ಹಿಂಬದಿಗೆ ಇಂಕಿನ ಮಸಿ ಹತ್ತುತ್ತಿದ್ದರೆ, ಮುದುಡಿದ ಕಾಗದ ಹೆಡ್‌ಗೆ ಉಜ್ಜಿ ಕೆಳಗಿನ ತಟ್ಟೆಗೆ ಬಳಿದಿದೆ. ಖಾಲಿ ಹಾಳೆ ನಾಲ್ಕೈದು ಓಡಿಸಿದರೆ ಹೋಗುತ್ತದೆ.

ಇಷ್ಟಾದರೂ ಖಾಲಿ ಪ್ರಿಂಟರ್ ‘ಜಾಮ್’ ಅನ್ನುತ್ತಿದ್ದರೆ, ಕಡ್ಡಿ ವಾಲಿದ್ದರೆ, ಇಲ್ಲವೇ ಟಕ್ ಟಕ್ ಸದ್ದು ನಿಲ್ಲದಿದ್ದರೆ ಮೆಕ್ಯಾನಿಕ್ ಬೇಕು. ಆದರೆ ‘ಬೋರ್ಡ್ ನೋಡಿ’ ಅನ್ನಬೇಡಿ. ‘ಪೇಪರ್ ಸೆನ್ಸರ್ ಕಡ್ಡಿ ನೋಡಿ, ಎನ್‌ಕೋಡರ್ ನೋಡಿ’ ಎಂದು ಹೇಳಿ, ಬದಲಿಸಿದ ಹಳೆಯ ಭಾಗ ವಾಪಸ್ ಕೇಳಿ. ಕೇಳುವ ಹಣ ಹೊಸ ಪ್ರಿಂಟರಿನ ಬೆಲೆಯಲ್ಲಿ ಮೂರನೇ ಒಂದು ಪಾಲು ದಾಟಿದರೆ ಮಾತ್ರ ಹೊಸದರ ಮಾತು.

ಒಯ್ಯುವಾಗ ಬೈಕಿನ ಮೇಲೆ ಇಬ್ಬರ ನಡುವೆ ಅಡ್ಡ ಮಲಗಿಸಿಕೊಂಡು ಹೋಗಬೇಡಿ. ದುರ್ಗದಿಂದ ದಾವಣಗೆರೆಗೆ ಅರವತ್ತು ಕಿಲೋಮೀಟರ್ ಹತ್ತಿರ ಆಗುತ್ತದೆ, ಅಷ್ಟು ದೂರ ಓರೆಯಾಗಿದ್ದರೆ ಇಂಕ್ ಎಲ್ಲಿ ಬೇಕಾದರೂ ಹರಿಯುತ್ತದೆ. ಟ್ಯಾಂಕಿನ ಮುಚ್ಚಳಗಳನ್ನು ಬಿಗಿ ಮಾಡಿ, ಹಳೆಯ ಎಪ್ಸನ್ ಎಲ್ ಸರಣಿಯ ಕೆಲವು ಮಾದರಿಗಳಲ್ಲಿ ಪಕ್ಕಕ್ಕೆ ಇರುವ ಸಾಗಣೆ ಲಾಕ್ ತಿರುಗಿಸಿ, ಸಮತಟ್ಟಾಗಿ ಪ್ಲಾಸ್ಟಿಕ್ ಚೀಲದೊಳಗೆ ಕೂರಿಸಿ, ಬಸ್ಸಿನಲ್ಲಾದರೆ ತೊಡೆಯ ಮೇಲೆ, ಕಾರಿನಲ್ಲಾದರೆ ಸೀಟಿನ ಮುಂದೆ ಕಾಲಿಡುವ ಜಾಗದಲ್ಲಿ ಇಟ್ಟುಕೊಳ್ಳಿ. ಅಲ್ಲಿಗೆ ಮುಟ್ಟಿ ಪ್ಲಗ್ ಹಾಕುವ ಮೊದಲು ಆ ಲಾಕನ್ನು ವಾಪಸ್ ತಿರುಗಿಸಲು ಮರೆಯಬೇಡಿ. ಇಲ್ಲದಿದ್ದರೆ ಹೆಡ್‌ಗೆ ಇಂಕ್ ಬರುವುದಿಲ್ಲ, ಮೆಕ್ಯಾನಿಕ್ ಇಲ್ಲದ ಇನ್ನೊಂದು ಕಾಯಿಲೆ ಹುಡುಕತೊಡಗುತ್ತಾನೆ.